ಮೊಡವೆಗೆ ಬಳಿದ ಮಗ್ಗದ ಗಂಜಿ

ಮೊಡವೆಯ ಒಂದು ಗುಣ ನನಗೆ ಇಂದಿಗೂ ಅರ್ಥವಾಗಿಲ್ಲ. ಮನೆಗೆ ಯಾರೂ ಬರದ ದಿನ ಅದು ತಲೆ ಎತ್ತುವುದಿಲ್ಲ. ಎಪ್ಪತ್ತರ ದಶಕದಲ್ಲಿ, ದೊಡ್ಡಬಳ್ಳಾಪುರದ ನಮ್ಮ ಮಗ್ಗದ ಮನೆಗೆ ದೇವನಹಳ್ಳಿಯಿಂದ ಗಂಡಿನವರು ಬರುವ ದಿನವೇ ನನ್ನ ಮೂಗಿನ ತುದಿಗೆ ಒಂದು, ಕೆನ್ನೆಗೆ ಎರಡು ಹಾಜರು. ಅಪ್ಪ ಉಷ್ಣ ಎಂದರು. ಅಮ್ಮ ಕಡಲೆಕಾಯಿ ಎಂದಳು. ಎದುರುಮನೆಯ ಅತ್ತೆ ದೃಷ್ಟಿ ತೆಗೆದು ಹೋದರು. ಹಿಂದೆ ನೋಡಿಹೋದ ಗಂಡಿನವರು ಮತ್ತೆ ಈ ಕಡೆ ತಲೆ ಹಾಕಿರಲಿಲ್ಲ. ಅದಕ್ಕೆ ಮೊಡವೆ ಕಾರಣವೋ ನನ್ನ ನಿಲ್ಲದ ಬಾಯಿ ಕಾರಣವೋ ಎಂಬ ಬಗ್ಗೆ ಮನೆಯಲ್ಲಿ ಒಮ್ಮತವಿರಲಿಲ್ಲ.

ಅಜ್ಜಿ ಕೈಕಟ್ಟಿ ಕೂರುವವಳಲ್ಲ. ಮಗ್ಗಕ್ಕೆ ಏರಿಸುವ ಮುಂಚೆ ನೂಲಿನ ಮೇಲೆದ್ದ ಜುಂಗು ಕೂತು ನುಣುಪಾಗಲಿ ಎಂದು ಗಂಜಿ ಸವರುತ್ತಾರಲ್ಲ, ಆ ಗಂಜಿಯ ಮಡಕೆಯನ್ನೇ ತಂದಳು. "ನೂಲಿನ ಜುಂಗೇ ಕೂರುತ್ತೆ, ಇದ್ಯಾವ ದೊಡ್ಡ ಮೊಡವೆ. ಸುಮ್ನೆ ಕೂತ್ಕೊಳೇ" ಎಂದು ಮುಖಕ್ಕೆಲ್ಲ ಬಳಿದಳು. ಅದು ಒಣಗುವಷ್ಟರಲ್ಲಿ ಗಂಡಿನವರು ಒಂದು ಬಸ್ಸು ಮುಂಚೆಯೇ ಬಂದಿಳಿದರು. ತೊಳೆಯಲು ಪುರುಸೊತ್ತೆಲ್ಲಿ? ಅಜ್ಜಿ ಅದರ ಮೇಲೇ ಪೌಡರು ಹಾಕಿ, "ನಗಬೇಡ, ಬಿರುಕು ಬಿಡುತ್ತೆ" ಎಂದು ಹೊರಗೆ ತಳ್ಳಿದಳು.

ಹುಡುಗ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಜಗಲಿ ಹತ್ತುವಾಗ ಕಿಟಕಿಯಿಂದ ನೋಡಿದಾಗಲೇ ನನಗೆ ಇಷ್ಟವಾಗಿಬಿಟ್ಟಿದ್ದರು. ಇವರೊಬ್ಬರು ಬೇಡ ಅನ್ನದಿರಲಿ ದೇವರೇ ಎಂದುಕೊಂಡೆ. "ಏನಾದ್ರೂ ಮಾತಾಡಪ್ಪ" ಎಂದು ಅವರ ತಂದೆ ತಿವಿದರು. ಅವರು ನನ್ನ ಮೂಗನ್ನೇ ನೋಡುತ್ತಾ, "ಮೊಡವೆ ಉಷ್ಣದಿಂದ ಬರಲ್ಲ ರೀ" ಎಂದು ಶುರುಮಾಡಿದರು. ಚರ್ಮದೊಳಗೆ ಎಣ್ಣೆಯ ಗ್ರಂಥಿಗಳಿವೆಯಂತೆ. ಪ್ರಾಯ ಬಂದಾಗ ರಕ್ತದಲ್ಲಿನ ಹಾರ್ಮೋನು ಇನ್ನಷ್ಟು ಎಣ್ಣೆ ಸುರಿಸಿ ಎಂದು ಅವಕ್ಕೆ ಹುಕುಂ ಕೊಡುತ್ತದಂತೆ. ರಂಧ್ರ ಕಟ್ಟಿಕೊಂಡರೆ ಒಳಗೆ ಕ್ರಿಮಿಗಳಿಗೆ ಹಬ್ಬದೂಟ. "ಮೇಲೆ ಏನು ಬಳಿದ್ರೂ ಅಷ್ಟಕ್ಕಷ್ಟೇ. ಆ ಹುಕುಂ ಗ್ರಂಥಿಗೆ ತಲುಪದ ಹಾಗೆ ತಡೆಯೋ ಔಷಧಿ ಒಂದಿನ ಬಂದೇ ಬರುತ್ತೆ" ಎಂದರು. ಹಾಗೆಂದವರ ಗದ್ದದ ಮೇಲೂ ಮಾಗಿದ ಒಂದು ಮೊಡವೆ. ಹೊಟ್ಟೆಯೊಳಗೆ ನಗು ಉಕ್ಕುತ್ತಿದೆ, ಕೇಳಲು ರಾಶಿ ಪ್ರಶ್ನೆಗಳಿವೆ, ಆದರೆ ಮುಖ ಅಲುಗಿಸುವಂತಿಲ್ಲ. ಉಪ್ಪಿಟ್ಟು ತಣ್ಣಗಾಗುವವರೆಗೂ ಮಿಸುಕಾಡದೆ ಕೇಳಿದೆ.

ಒಪ್ಪಿಗೆ ಅಲ್ಲೇ ಸಿಕ್ಕಿತು. "ನನ್ನ ಪಾಠಾನ ಇಷ್ಟು ಗಮನ ಕೊಟ್ಟು ಕೇಳಿದೋರು ಇವರೊಬ್ರೇ" ಎಂದರಂತೆ. ನನಗಾದ ಸಂತೋಷಕ್ಕೆ ಒಳಗೆ ಓಡಿಹೋಗಿ ನಕ್ಕೆ, ಅರ್ಧ ಗಂಜಿ ಸೀರೆಯ ಮೇಲೆ ಉದುರಿತು.

ಮದುವೆಯಾದ ವಾರಕ್ಕೇ ಅವರಿಗೆ ನನ್ನ ಬಾಯಿಯ ಪರಿಚಯವಾಯಿತು. ಗಂಜಿಯ ಕಥೆಯನ್ನೂ ನಾನೇ ತಡೆಯಲಾರದೆ ಹೇಳಿಬಿಟ್ಟೆ. ಈಗ ಮೊಡವೆಗಳೆಲ್ಲ ತಾವಾಗಿಯೇ ಹೋಗಿವೆ, ಬಾಯಿ ಮಾತ್ರ ಹಾಗೇ ಇದೆ. ಮೊನ್ನೆ ಅವರು ಪತ್ರಿಕೆ ಓದುತ್ತಿದ್ದರು, ನಾನು ಬೆಳಗಿನಿಂದ ಮಾತಾಡುತ್ತಲೇ ಇದ್ದೆ. ಪತ್ರಿಕೆ ಮಡಿಸಿಟ್ಟು ಮೆತ್ತಗೆ ಕೇಳಿದರು:

"ಅಲ್ಲಾ ಕಣೇ, ಆ ಗಂಜಿ ಕಾಯಿಸೋದನ್ನ ನಿಮ್ಮಜ್ಜಿ ನಿನಗೇನಾದ್ರೂ ಹೇಳ್ಕೊಟ್ಟಿದ್ರಾ?"