ಲಾಂಚು ನಿಂತ ಮೇಲೆ

ಕೆಲಸ ಇದ್ದವರಿಗೆ ಇಂಥ ಪ್ರಸಂಗಗಳು ವರ್ಷಕ್ಕೊಂದು ಆದರೆ ಹೆಚ್ಚು. ಕೆಲಸ ಇಲ್ಲದವನಿಗೆ ವಾರಕ್ಕೆರಡು ಆಗುತ್ತವೆ. ಆಗಲಿಕ್ಕೂ ಪುರಸೊತ್ತು ಬೇಕಲ್ಲ! ನನಗೆ ನಲವತ್ತಾರನೇ ವಯಸ್ಸಿನಲ್ಲಿ ಒಂದು ವರ್ಷ ಎರಡು ತಿಂಗಳು ಪುರಸೊತ್ತು ಸಿಕ್ಕಿತ್ತು. ಆಗ ಆದವುಗಳಲ್ಲಿ ಕೆಲವನ್ನು ಇಲ್ಲಿ ಹೇಳುತ್ತೇನೆ. ಎಲ್ಲದಕ್ಕೂ ಅವತ್ತೇ ನಗು ಬಂದಿತ್ತು ಎಂದು ಮಾತ್ರ ತಿಳಿಯಬೇಡಿ.

ಪೇಡೆ

ಹೊನ್ನಾವರದಲ್ಲಿ ಶರಾವತಿಗೆ ಸೇತುವೆ ಆಗುವ ಮೊದಲು ಕುಮಟೆಯಿಂದ ಬಂದ ಬಸ್ಸು ಹೊಳೆಯ ಈ ದಡದಲ್ಲೇ ನಿಲ್ಲುತ್ತಿತ್ತು. ಜನ ಇಳಿದು, ಗಂಟುಮೂಟೆ ಹೊತ್ತು, ಲಾಂಚಿನಲ್ಲಿ ದಾಟಿ, ಆ ದಡದಲ್ಲಿ ಭಟ್ಕಳದ ಬಸ್ಸು ಹತ್ತಬೇಕು. ಆ ಲಾಂಚಿನ ಟಿಕೆಟ್ ಕೊಡುತ್ತಿದ್ದ ಮಾಸ್ತರ ನಾನು. ಹತ್ತೊಂಬತ್ತು ವರ್ಷ ಕೊಟ್ಟೆ. ಟಿಕೆಟ್ ಕೊಟ್ಟರೆ ಮುಗಿಯುತ್ತಿರಲಿಲ್ಲ. ಲಾಂಚು ಓರೆಯಾಗದ ಹಾಗೆ ಜನರನ್ನು ಎರಡೂ ಬದಿಗೆ ಹಂಚಿ ಕೂರಿಸಬೇಕು, ಬಸುರಿಯರಿಗೆ ನೆರಳಿನ ಜಾಗ ಕೊಡಿಸಬೇಕು, ಕೋಳಿ ಹಿಡಿದು ಬಂದವರನ್ನು ಹಿಂಬದಿಗೆ ಕಳಿಸಬೇಕು. ಹೆಂಡತಿ ತೀರಿಕೊಂಡು ಏಳು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಹೊಳೆ ದಾಟುವವರನ್ನೇ ನನ್ನ ಸಂಸಾರ ಎಂದುಕೊಂಡಿದ್ದೆ. ಹಾಗಾಗಿ ಅವರನ್ನು ಧಾರಾಳವಾಗಿ ಬೈಯುತ್ತಲೂ ಇದ್ದೆ.

ಸೇತುವೆ ತೆರೆದ ದಿನ ಊರಿಗೆ ಊರೇ ಅಲ್ಲಿ ನೆರೆದಿತ್ತು. ನಾನೂ ಹೋಗಿದ್ದೆ. ಹೋಗದಿದ್ದರೆ ಇವನಿಗೆ ಹೊಟ್ಟೆಕಿಚ್ಚು ಎನ್ನುತ್ತಾರಲ್ಲ! ವಾರವಾರವೂ ದಾಟುತ್ತಿದ್ದ ಒಬ್ಬ ತೆಂಗಿನಕಾಯಿ ವ್ಯಾಪಾರಿ ಪೇಡೆಯ ಪೊಟ್ಟಣ ಹಿಡಿದು ಓಡೋಡಿ ಬಂದರು.

"ಬಾಯಿ ತೆಗೀರಿ ಮಾಸ್ತರ್ರೇ! ಇನ್ಮೇಲೆ ನಿಮ್ಮ ಲಾಂಚಿಗೆ ಕಾಯೂದು ತಪ್ತು. ನಿಮ್ಮ ಹತ್ರ ಬೈಸ್ಕಣೂದೂ ತಪ್ತು!"

"ನನ್ನ ಕೆಲಸನೂ ತಪ್ತು" ಎಂದೆ.

ಪೇಡೆ ಹಿಡಿದ ಕೈ ಅಲ್ಲೇ ನಿಂತಿತು. ಪಾಪ, ಅವರು ಅದನ್ನು ಯೋಚಿಸಿಯೇ ಇರಲಿಲ್ಲ. ಮುಖ ಸಣ್ಣದು ಮಾಡಿಕೊಂಡರು. ಆಮೇಲೆ ಮೆಲ್ಲಗೆ, "ಹಂಗಾರೆ ಎರಡು ತಕಳಿ" ಎಂದರು.

ಕಾಗೆ

ನನಗಿದ್ದ ತುಂಡು ಗದ್ದೆಯ ಅಕ್ಕಿ ಆರು ತಿಂಗಳಿಗೆ ಸಾಕಾಗುತ್ತಿತ್ತು. ಮುಂದಿನ ಆರು ತಿಂಗಳಿಗೆ ಕೆಲಸ ಬೇಕೇ ಬೇಕಿತ್ತು. ಆದರೆ ಹಸಿವಿಗಿಂತ ಹೆಚ್ಚಿನ ಹೆದರಿಕೆ ಬೇರೆಯದಿತ್ತು. ಬೆಳಗಿನಿಂದ ಸಂಜೆಯವರೆಗೆ ಒಬ್ಬರೂ ಬಂದು ನನ್ನನ್ನು ಏನೊಂದೂ ಕೇಳದ ದಿನಗಳು ಶುರುವಾಗಿದ್ದವು. ಇಷ್ಟು ಬೇಗ ಯಾರಿಗೂ ಬೇಡದವನಾಗಿಬಿಟ್ಟೆನೇ ಎಂದುಕೊಳ್ಳುತ್ತಿದ್ದೆ.

ಹಾಗಿರುವಾಗ ನೆರೆಮನೆಯ ಮೀನು ಮಾರುವ ಹೆಂಗಸು ಬೇಲಿಯ ಆಚೆಯಿಂದ ಕರೆದಳು. "ಮಾಸ್ತರ್ರೇ, ಹೆಂಗೂ ಮನೇಲೇ ಇರ್ತ್ರಲ್ಲ. ಮೀನು ಒಣಗೂಕೆ ಹಾಕಿದ್ದೆ, ಸ್ವಲ್ಪ ಕಾಗೆ ಓಡಿಸ್ತ್ರಾ? ನಾ ಪ್ಯಾಟಿಗೆ ಹೋಗಿ ಬತ್ತೆ."

ಅವತ್ತಿನಿಂದ ಅದು ನಿತ್ಯದ ಕೆಲಸವಾಯಿತು. ಕೊಡೆ ಬಿಡಿಸಿಕೊಂಡು, ಕುರ್ಚಿ ಹಾಕಿಕೊಂಡು, ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಪೆನ್ನು ಹಿಡಿದು ಮೀನಿನ ಚಾಪೆಯ ಪಕ್ಕ ಕೂತು ಕೆಲಸದ ಅರ್ಜಿ ತುಂಬುತ್ತಿದ್ದೆ. ಕೆಲವು ಅರ್ಜಿಗಳಲ್ಲಿ 'ಸದ್ಯದ ಉದ್ಯೋಗ' ಎಂದು ಒಂದು ಜಾಗ ಇರುತ್ತದೆ. ಅದನ್ನು ಖಾಲಿ ಬಿಡುತ್ತಿದ್ದೆ.

ಮೂರನೇ ವಾರ ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಮಾಸ್ತರ್ರೇ, ನಿನ್ನೆ ನಾಕು ಬಂಗಡೆ ಕಾಗೆ ಪಾಲಾತು. ನಿಮ್ಮ ಲಕ್ಷ್ಯ ಎಲ್ಲ ಆ ಕಾಗದದ ಮ್ಯಾಲೇ. ಹಿಂಗಾದ್ರೆ ನಾ ಬ್ಯಾರೆಯವ್ರನ್ನ ನೋಡ್ಕಣೂದೇ."

ಸಂಬಳವಿಲ್ಲದ ಕೆಲಸದಿಂದಲೂ ತೆಗೆದುಹಾಕುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ. ಮರುದಿನದಿಂದ ಹತ್ತು ನಿಮಿಷ ಮೊದಲೇ ಹೋಗಿ ಕೂತೆ.

ಗಾದಿ

ಭಟ್ಕಳದಲ್ಲಿ ಒಂದು ಬಟ್ಟೆ ಅಂಗಡಿಯಲ್ಲಿ ಹಬ್ಬದ ಸೀಸನ್ನಿಗೆ ಜನ ಬೇಕೆಂದು ತಿಳಿಯಿತು. ಅಂಗಡಿಯ ಸಾಹೇಬರು ಲಾಂಚಿನಲ್ಲಿ ಎಷ್ಟೋ ಸಲ ದಾಟಿದವರು. ಮನೆಯವರೊಂದಿಗೆ ನವಾಯತಿ, ಗಿರಾಕಿಗಳೊಂದಿಗೆ ಕನ್ನಡ, ಕೊಂಕಣಿ, ಉರ್ದು ಎಲ್ಲ ಆಡುತ್ತಿದ್ದರು. ನನ್ನನ್ನು ನೋಡಿದವರೇ "ಹಬ್ಬ ಮುಗಿಯೋವರೆಗೆ ಮಾತ್ರ ಮಾಸ್ತರ್ರೇ, ಆಮೇಲೆ ಬೇಜಾರು ಮಾಡ್ಬೇಡಿ" ಎಂದು ಹೇಳಿ ಸೇರಿಸಿಕೊಂಡರು.

ಗಿರಾಕಿಗಳು ಗಾದಿಯ ಮೇಲೆ ಕೂತು ಬಟ್ಟೆ ನೋಡುವ ಅಂಗಡಿ ಅದು. ಎರಡನೇ ದಿನ ಹೆಬಳೆಯ ಕಡೆಯಿಂದ ಒಂದು ಮದುವೆ ಮನೆಯವರು ಬಂದರು. ಹನ್ನೊಂದು ಜನ. ಬಂದವರೇ ಎಲ್ಲರೂ ಎಡಗಡೆಯ ಗಾದಿಯ ಮೇಲೆ, ಸೀರೆಯ ಕಪಾಟಿನ ಎದುರು ಕೂತುಬಿಟ್ಟರು. ನನ್ನ ಜೀವ ಹಾರಿಹೋಯಿತು.

"ಎಲ್ಲರೂ ಒಂದೇ ಬದಿಗೆ ಬೇಡ! ಐದು ಜನ ಈಚೆಗೆ ಬನ್ನಿ. ಹ್ಞಾಂ, ದಪ್ಪ ಇದ್ದವರು ಮೊದಲು!"

ನನ್ನ ಗಂಟಲು ಹತ್ತೊಂಬತ್ತು ವರ್ಷ ಇಂಜಿನ್ನಿನ ಸದ್ದಿನ ಮೇಲೆ ಕೂಗಿದ್ದು. ಐದು ಜನ ಎದ್ದು ಬಲಗಡೆ ಹೋಗಿ, ಗಂಡಸರ ಪ್ಯಾಂಟಿನ ಬಟ್ಟೆಯ ಎದುರು ಕೂತರು. ಮದುಮಗಳೂ ಅವರಲ್ಲಿದ್ದಳು.

ಸಾಹೇಬರು ನನ್ನನ್ನು ಮೆಲ್ಲಗೆ ಪಕ್ಕಕ್ಕೆ ಕರೆದರು. ಬೈಯಲಿಲ್ಲ. ಭುಜದ ಮೇಲೆ ಕೈಯಿಟ್ಟು, "ಮಾಸ್ತರ್ರೇ, ಈ ಅಂಗಡಿ ನಮ್ಮ ಅಜ್ಜ ಕಟ್ಟಿಸಿದ್ದು. ಇದರಡಿಗೆ ನೀರಿಲ್ಲ" ಎಂದರು.

ಹಬ್ಬ ಮುಗಿದ ಮೇಲೆ ಹೊರಡುವಾಗ, ಮುಂದೆ ಎಲ್ಲಾದರೂ ಉಪಯೋಗಕ್ಕೆ ಬರಲಿ ಎಂದು ತಮ್ಮ ಕೈಯಾರೆ ಒಂದು ಪತ್ರ ಬರೆದುಕೊಟ್ಟರು. ಬಸ್ಸಿನಲ್ಲಿ ಕೂತು ಬಿಡಿಸಿ ನೋಡಿದೆ: "ಇವರು ಪ್ರಾಮಾಣಿಕರು. ಗಿರಾಕಿಗಳನ್ನು ಎರಡೂ ಬದಿಗೆ ಸರಿಯಾಗಿ ಕೂರಿಸುತ್ತಾರೆ."

ತದಡಿ

ಸಮುದ್ರ ಸೇರುವಲ್ಲಿ ಅಘನಾಶಿನಿ ಹೊಳೆಗೆ ಇನ್ನೂ ಸೇತುವೆ ಆಗಿರಲಿಲ್ಲ. ತದಡಿಗೆ ಜನ ದೋಣಿಯಲ್ಲೇ ದಾಟುತ್ತಿದ್ದರು. ನನಗೆ ಗೊತ್ತಿರುವ ಕೆಲಸ ಅದೊಂದೇ, ಕೇಳಿ ನೋಡೋಣ ಎಂದು ಹೋದೆ. ಜನ ತುಂಬದೆ ದೋಣಿ ಹೊರಡುವುದಿಲ್ಲ ಎಂದು ಮುಕ್ಕಾಲು ಗಂಟೆ ಕೂರಿಸಿದರು. ನನ್ನ ಕಸುಬಿನವರೇ ಅಲ್ಲವೇ, ಸಿಟ್ಟು ಬರಲಿಲ್ಲ.

ದೋಣಿಯ ಯಜಮಾನ ತದಡಿಯ ದಡದಲ್ಲಿ ಬಲೆ ಸರಿಮಾಡುತ್ತ ಕೂತಿದ್ದ ಮುದುಕ.

"ಯಾವೂರಾತು ನಿಮ್ಗೆ?"

"ಹೊನ್ನಾವರ. ಲಾಂಚಿನಲ್ಲಿ ಹತ್ತೊಂಬತ್ತು ವರ್ಷ ಇದ್ದೆ."

"ಅಲ್ಲಿ ಈಗ ಸೇತುವೆ ಆತಲ್ಲ?"

"ಆಯ್ತು."

ಬಲೆ ಕೆಳಗಿಟ್ಟ. "ನೀವು ಸೇರೂಕಿಂತ ಮೊದ್ಲು ಸೇತುವೆ ಮಾತು ಇತ್ತಾ?"

"ಇರಲಿಲ್ಲ."

ಮುದುಕ ಹೊಳೆಯನ್ನು ಈ ದಡದಿಂದ ಆ ದಡದವರೆಗೆ ನೋಡಿದ. "ಬ್ಯಾಜಾರು ಮಾಡ್ಕಣಬ್ಯಾಡಿ. ನೀವು ಒಳ್ಳೆಯವ್ರೇ ಇರೂದು. ಆದ್ರೆ ನಮ್ಮ ಎಂಟು ಮನೆ ಈ ದೋಣಿ ಮ್ಯಾಲೇ ಅದೆ." ನನಗೆ ಹೊಟ್ಟೆತುಂಬ ಮೀನಿನ ಊಟ ಹಾಕಿಸಿದ. ತಾನೇ ಕೈಹಿಡಿದು ದಡದವರೆಗೆ ಬಂದ. ಜನ ತುಂಬದೆ ಹೊರಡದ ಆ ದೋಣಿ, ಅವತ್ತು ನನ್ನೊಬ್ಬನನ್ನೇ ಕೂರಿಸಿಕೊಂಡು ಲಗುಬಗೆಯಿಂದ ಹೊರಟಿತು.

ಒಳ್ಳೆ ಅಕ್ಷರ

ಅರ್ಜಿ ಹಾಕುವುದನ್ನು ಬಿಡಲಿಲ್ಲ. ಕೆಲಸ ಸಿಗುತ್ತದೆ ಎನ್ನುವ ಆಸೆ ಅರ್ಧ, ಪೋಸ್ಟಿನವರು ಬರುತ್ತಾರೆ ಎನ್ನುವ ಆಸೆ ಅರ್ಧ. ಅವರು ಬಂದರೆ ಚಾ ಮಾಡುತ್ತಿದ್ದೆ. ಒಬ್ಬನಿಗೇ ಚಾ ಮಾಡಿಕೊಳ್ಳುವುದು ಎಷ್ಟು ಬೇಸರದ ಕೆಲಸ ಎಂದು ಮಾಡಿದವರಿಗೇ ಗೊತ್ತು.

ಉತ್ತರಗಳು ಹೆಚ್ಚಾಗಿ ಕಾರ್ಡಿನಲ್ಲಿ ಬರುತ್ತಿದ್ದವು. ಪೋಸ್ಟಿನವರು ದಾರಿಯಲ್ಲೇ ಓದಿ ಮುಗಿಸಿರುತ್ತಿದ್ದರು. ಬೇಲಿಯ ಹತ್ತಿರ ಬರುವಾಗ ಅವರ ಮುಖ ನೋಡಿದರೆ ಸಾಕು, ಕಾರ್ಡು ಓದುವುದೇ ಬೇಡ. ಒಂದು ದಿನ ಹಾಗೇ ಬಂದು ಜಗಲಿಯಲ್ಲಿ ಕೂತರು. ಹಿಂದಿನ ವಾರವಷ್ಟೇ ಮೂರು 'ಇಲ್ಲ' ಕೊಟ್ಟು ಹೋಗಿದ್ದರು. ನಾಲ್ಕನೆಯದನ್ನು ಕೊಡಲು ಅವರಿಗೆ ಮನಸ್ಸಿಲ್ಲ.

"ಎಂತ ಬರ್ದಿದ್ರು?" ಎಂದೆ.

"ಇಲ್ಲ ಅಂತ್ಲೇ ಬರ್ದಿದ್ರು" ಎಂದು ಕಾರ್ಡು ನನ್ನ ಕೈಗಿಟ್ಟರು. ನನ್ನ ಮುಖ ನೋಡಿ ತಡೆಯಲಾರದೆ ಕೂಡಲೇ ಸೇರಿಸಿದರು: "ಆದ್ರೆ ಭಾರಿ ಒಳ್ಳೆ ಅಕ್ಷರ ಮಾಸ್ತರ್ರೇ!"

ಬೆಂಚು

ಕುಮಟೆಯಲ್ಲಿ ಒಬ್ಬ ಸಾಹುಕಾರರು ಹೊಸದಾಗಿ ಲಾರಿ ಬುಕಿಂಗ್ ಆಫೀಸು ತೆರೆದಿದ್ದರು. ಒಬ್ಬ ಗುಮಾಸ್ತ ಬೇಕಿತ್ತು. ಹಳೆಯ ಕೋಟು ಹಾಕಿಕೊಂಡು ಒಂಬತ್ತಕ್ಕೇ ಹೋದೆ. ಜಗಲಿಯ ಬೆಂಚುಗಳ ಮೇಲೆ ಹದಿನೆಂಟು ಜನ, ಎಲ್ಲರೂ ಮೀಸೆ ಚಿಗುರಿದ ಹುಡುಗರು. ಇವರ ನಡುವೆ ನನ್ನನ್ನು ಯಾರು ಕೇಳುತ್ತಾರೆ? ವಾಪಸು ಹೋಗಿಬಿಡಲೇ ಎಂದುಕೊಂಡೆ. ಮನೆಯ ನೆನಪಾಗಿ ಅಲ್ಲೇ ನಿಂತೆ. ಮನೆಯಲ್ಲಿ ಯಾರಿದ್ದರು?

ಸಾಹುಕಾರರ ಭಾವ, ರಿಟೈರ್ ಆದ ಹೆಡ್‌ಮಾಸ್ತರರು, ಪಟ್ಟಿ ಹಿಡಿದು ಹೊರಗೆ ಬಂದು ಹೆಸರು ಕರೆದರು. ಲಾರಿಯ ಸದ್ದಿಗೆ ಒಬ್ಬರಿಗೂ ಕೇಳಲಿಲ್ಲ. ಎಲ್ಲರಿಗಿಂತ ದೊಡ್ಡವನು ನಾನೇ ಕಂಡೆನೋ ಏನೋ, ಪಟ್ಟಿಯನ್ನು ನನ್ನ ಕೈಗೆ ತುರುಕಿ, "ಒಬ್ಬೊಬ್ಬರನ್ನೇ ಕಳ್ಸಿ" ಎಂದು ಒಳಗೆ ಹೋದರು.

ಕಳಿಸಿದೆ. ಪಟ್ಟಿಯಲ್ಲಿ ಐದನೆಯವನು ನಾನು. ಆದರೆ ಆರನೆಯವನಿಗೆ ಶಿರಸಿಯ ಬಸ್ಸು ಹಿಡಿಯಬೇಕಿತ್ತು. ಧಾರೇಶ್ವರದ ಏಳನೆಯವನಿಗೆ ಕೈಕಾಲು ನಡುಗುತ್ತಿತ್ತು, ನೀರು ತಂದುಕೊಟ್ಟು ಅವನನ್ನು ಮೊದಲು ಕಳಿಸಿದೆ. ಇನ್ನೊಬ್ಬನ ಅಂಗಿಗೆ ಗುಂಡಿ ಇರಲಿಲ್ಲ, ನನ್ನ ಕೋಟಿನ ಪಿನ್ನು ಚುಚ್ಚಿದೆ. "ಸರ್, ಒಳಗೆ ಎಂತ ಕೇಳ್ತ್ರು?" "ಸರ್, ನನ್ನ ನಂಬ್ರ ಯಾವಾಗ?" ಎಂದು ಎಲ್ಲರೂ ನನ್ನನ್ನೇ ಕೇಳುವವರು. ಒಂದು ವರ್ಷದಲ್ಲಿ ಯಾರೂ ನನ್ನನ್ನು ಇಷ್ಟು ಕೇಳಿರಲಿಲ್ಲ. ನನಗೇನು ಅವಸರ ಎಂದು ನನ್ನ ಸರದಿಯನ್ನು ಮುಂದಕ್ಕೆ ಹಾಕುತ್ತಲೇ ಹೋದೆ. ಎಲ್ಲರೂ ಹೋಗಿ ಮುಗಿಯುವಾಗ ಮಧ್ಯಾಹ್ನ ದಾಟಿತ್ತು.

"ಇನ್ನೆಷ್ಟು ಜನ ಇದ್ರು?" ಒಳಗಿನಿಂದ ಸಾಹುಕಾರರು ಕೇಳಿದರು.

"ಒಬ್ಬರು."

"ಬೇಗ ಕಳ್ಸಿ."

ಬಾಗಿಲಿನಿಂದ ಜಗಲಿಗೆ ಬಂದೆ. ಖಾಲಿ ಬೆಂಚುಗಳ ಎದುರು ನಿಂತು, ಬೇರೆಯವರನ್ನು ಕರೆದಷ್ಟೇ ಗಟ್ಟಿಯಾಗಿ ನನ್ನ ಹೆಸರು ಕೂಗಿದೆ. ಅಮ್ಮ ತೀರಿಕೊಂಡ ಮೇಲೆ ಆ ಹೆಸರನ್ನು ಯಾರೂ ಗಟ್ಟಿಯಾಗಿ ಕರೆದಿರಲಿಲ್ಲ, ಎಲ್ಲರಿಗೂ ನಾನು ಮಾಸ್ತರ್ರೇ. ಕೇಳಲು ಚೆನ್ನಾಗಿಯೇ ಇತ್ತು. "ಬಂದೆ" ಎಂದು ನಾನೇ ಓಗೊಟ್ಟು, ಒಳಗೆ ಹೋಗಿ ಕುರ್ಚಿಯಲ್ಲಿ ಕೂತೆ.

"ನೀವು ಕೂತ್ರೆ ಹೆಂಗೆ? ಕೊನೆಯವ್ರನ್ನ ಕರೀರಿ" ಎಂದರು ಸಾಹುಕಾರರು.

"ಬಂದಾಯ್ತು ಸಾಹುಕಾರ್ರೇ."

ಇಬ್ಬರೂ ನನ್ನ ಬೆನ್ನ ಹಿಂದೆ ಇಣುಕಿದರು. ಯಾರೂ ಇರಲಿಲ್ಲ. ಪಟ್ಟಿಯಲ್ಲಿ ನನ್ನ ಹೆಸರಿಗೆ ಬೆರಳಿಟ್ಟು ತೋರಿಸಿದೆ. ಸಾಹುಕಾರರು ಭಾವನ ಕಡೆ ತಿರುಗಿದರು. "ಇವ್ರು ನಿಮ್ಮ ಪೈಕಿಯವ್ರಲ್ವಾ?"

"ನಾ ನಿಮ್ಮ ಆಫೀಸಿನವ್ರು ಅಂತ ಮಾಡಿದ್ದೆ!"

ಸಾಹುಕಾರರು ಹೊಟ್ಟೆ ಹಿಡಿದುಕೊಂಡು ನಕ್ಕರು. ಬೇರೆಯವರ ಬಾಯಿಂದ ಕೇಳುವುದು ಬೇಡ ಎಂದು ನಾನೇ ಹೇಳಿಬಿಟ್ಟೆ, "ನನಗೆ ನಲವತ್ತೇಳು ನಡೀತಾ ಇದೆ."

"ಅದನ್ನ ಯಾರು ಕೇಳಿದ್ರು?" ಎಂದು ಅವರು ನನ್ನ ಅರ್ಜಿಯನ್ನು ಓದದೆಯೇ ಮಡಚಿ, ಉಳಿದ ಅರ್ಜಿಗಳ ಮೇಲಿಟ್ಟರು.

ಕೆಲಸ ನನಗೇ ಎಂದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಕೋಟು ಸರಿಮಾಡಿಕೊಂಡು ಕೇಳಿದೆ, "ಹಾಗಾದರೆ, ಯಾವತ್ತಿಂದ ಬರಲಿ?"

ಸಾಹುಕಾರರು ಕಣ್ಣೊರೆಸಿಕೊಂಡು ಗೋಡೆಯ ಗಡಿಯಾರ ನೋಡಿದರು.

"ಯಾವತ್ತಿಂದ ಅಂದ್ರೆ ಎಂತದು ಮಾರಾಯ್ರೇ? ಬೆಳಿಗ್ಗೆ ಒಂಬತ್ತಕ್ಕೇ ಸೇರ್ಕಂಡಿದ್ರಲ್ಲ!"