ಗಾಳಿ ಬರುವ ಮನೆ

ರಾಯಚೂರಿನವರು ಥಂಡಿ ಊರಿಗೆ ಹೋದರೆ ಏನಾದರೊಂದು ಆಗಿಯೇ ತೀರುತ್ತದೆ. ನಾನು ಹಿಮಾಲಯದ ಮೇಲಿನ ಊರೊಂದರಲ್ಲಿ ಟೀಚರು. ರಜೆಗೆ ದೇವದುರ್ಗಕ್ಕೆ ಬಂದಾಗಲೆಲ್ಲ ಓಣಿಯವರು ಅಲ್ಲಿಯ ಈ ಕತೆಗಳನ್ನೇ ಮತ್ತೆ ಮತ್ತೆ ಹೇಳಿಸುತ್ತಾರೆ.

ಮನೆ ಹಿಡಿದದ್ದು

ಬಾಡಿಗೆ ಮನೆ ನೋಡುವಾಗ ನಮ್ಮ ಬಿಸಿಲ ಕಡೆಯವರು ಕೇಳುವ ಮೊದಲ ಮಾತು ಒಂದೇ. ಅಲ್ಲಿಯೂ ಮಾಲಕಿಯನ್ನು ಅದನ್ನೇ ಕೇಳಿದೆ: ಗಾಳಿ ಚೆನ್ನಾಗಿ ಬರುತ್ತದೆಯೇ? ಆಕೆ ಗಳಿಗೆ ಹೊತ್ತು ನನ್ನ ಮುಖ ನೋಡಿ, ಮೇಲಿನ ಕೋಣೆಗೆ ಕರೆದೊಯ್ದಳು. ಎರಡು ದೊಡ್ಡ ಕಿಟಕಿ, ಎದುರಿಗೇ ಹಿಮದ ಬೆಟ್ಟ. ಇದೇ ಬೇಕು ಎಂದೆ. ಖಾತ್ರಿಯಾ ಎಂದು ಎರಡು ಸಲ ಕೇಳಿದಳು. ನವೆಂಬರಿನಲ್ಲಿ ಬಕೆಟ್ಟಿನ ನೀರು ಕೋಣೆಯೊಳಗೇ ಮಂಜುಗಡ್ಡೆಯಾಯಿತು. ಇಡೀ ಮನೆಗೆ ಕಟ್ಟಿಗೆ ಒಲೆ ಇದ್ದದ್ದು ಕೆಳಗೆ ಆಕೆಯ ಅಡುಗೆಮನೆಯಲ್ಲಿ ಮಾತ್ರ. ನನ್ನ ಕೋಣೆ ನಾಲ್ಕು ವರ್ಷದಿಂದ ಖಾಲಿ ಬಿದ್ದಿತ್ತಂತೆ.

ನಮ್ಮ ಹೀಟರು

ನಡುಗಿ ಸಾಕಾಗಿ, ಥಂಡಿ ತಾಳಲಾರೆ, ವರ್ಗ ಮಾಡಿ ಎಂದು ಅರ್ಜಿ ಬರೆದಿಟ್ಟೆ. ಹೆಡ್ಮಾಸ್ತರಿಗೂ ಹೇಳಿದೆ. ಅಷ್ಟರಲ್ಲಿ ಅವ್ವ ಬಂದಳು. ಕೂಲಿ ಮಾಡಿ ನನ್ನನ್ನು ಓದಿಸಿದವಳು. ಓಣಿಯಲ್ಲಿ ಇಷ್ಟು ದೂರ ನೌಕರಿಗೆ ಹೋದವಳು ನನ್ನ ಮಗಳೊಬ್ಬಳೇ ಎಂದು ಊರೆಲ್ಲ ಹೇಳಿ ಬಂದಿದ್ದಳು. ಅರ್ಜಿಯ ಸುದ್ದಿ ಎತ್ತಲು ನನಗೆ ಬಾಯೇ ಬರಲಿಲ್ಲ.

ಉಣ್ಣೆಯ ಟೊಪ್ಪಿಗೆ ಕೊಟ್ಟರೆ ಅವ್ವ ಹಾಕಿಕೊಳ್ಳಲಿಲ್ಲ. "ಬ್ಯಾಸಗಿ ಬಿಸಿಲ ತಡದೀವಿ, ಈ ಥಂಡಿ ಏನು ಮಹಾ?" ಎಂದಳು. ತಂದದ್ದು ಒಂದು ಕೌದಿ, ಒಂದು ಚೀಲ ಜೋಳದ ಹಿಟ್ಟು. ಬೆಳಿಗ್ಗೆ ಗ್ಯಾಸ್ ಹಚ್ಚಿ ರೊಟ್ಟಿ ಬಡಿಯಲು ನಿಂತರೆ ನಲವತ್ತಕ್ಕೆ ಕಡಿಮೆ ಇಲ್ಲ. ಕೋಣೆಯೂ ಬೆಚ್ಚಗೆ, ಸ್ಟಾಫ್ ರೂಮಿನವರ ಹೊಟ್ಟೆಯೂ ಬೆಚ್ಚಗೆ. ಒಮ್ಮೆ ಜೊತೆಯ ಟೀಚರೊಬ್ಬಳು ಬಂದು, ಸ್ವೆಟರ್ ಬಿಚ್ಚುತ್ತ, ಹೀಟರು ಯಾವ ಕಂಪನಿಯದು ಎಂದು ಕೇಳಿದಳು. ನಾನು ಅವ್ವನ ಕಡೆ ಕೈ ಮಾಡಿದೆ.

ಅಂಗಳ

ನಸುಕಿನಲ್ಲಿ ಅಂಗಳಕ್ಕೆ ನೀರು ಹೊಡೆದು ರಂಗೋಲಿ ಹಾಕದಿದ್ದರೆ ಅವ್ವನಿಗೆ ದಿನ ಶುರುವಾಗುವುದಿಲ್ಲ. ಒಂದು ದಿನ ನನಗೆ ಹೇಳದೆ ಅಲ್ಲಿಯೂ ಒಂದು ಕೊಡ ಹೊಡೆದಳು. ಆಕೆ ಮೇಲೆ ಬರುವಷ್ಟರಲ್ಲಿ ಅಂಗಳ, ರಂಗೋಲಿ ಸಮೇತ, ಗಾಜಾಗಿತ್ತು. ವರ್ಗಾವಣೆಯ ಅರ್ಜಿ ಕಳಿಸಲು ಅಂದೇ ಕೊನೆಯ ದಿನ. ನನ್ನ ಅರ್ಜಿಗೆ ಸಹಿ ಹಾಕಿ ಒಯ್ಯಲು ಹೆಡ್ಮಾಸ್ತರು ತಾವೇ ಬಂದರು. ಗೇಟಿನಲ್ಲಿ ನಿಂತು ನಮಸ್ಕಾರ ಮಾಡಿದವರು ಬಾಗಿಲಿಗೆ ಬಂದು ಮುಟ್ಟಿದ್ದು ಕೂತುಕೊಂಡೇ.

ಅವ್ವ ಗಾಬರಿಯಾಗಲಿಲ್ಲ. ಮೇಲೆ ಕರೆತಂದು ಕೌದಿ ಹೊದಿಸಿ, ಬಿಸಿ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟಳು. ಮೂರು ರೊಟ್ಟಿ ಮುಗಿಸಿ ಅವರು ಅರ್ಜಿ ಕೇಳಿದರು. ಮೇಜಿನ ಮೇಲೆ ಇರಲಿಲ್ಲ. ಹಾಸಿಗೆ, ಪುಸ್ತಕ ಎಲ್ಲ ತಡಕಾಡಿ ಕೊನೆಗೆ ಅವ್ವನನ್ನು ಕೇಳಿದೆ.

"ಆ ಇಂಗ್ಲಿಷ್ ಹಾಳಿ ಏನು? ನಾಕು ದಿನದ ಹಿಂದನ ಕಿಟಕಿ ಸಂದ್ಯಾಗ ತುರುಕೀನಿ. ಥಂಡಿ ಅಲ್ಲಿಂದನ ಬರಾಕತ್ತಿತ್ತು. ಬೇಕಂದ್ರ ತಕ್ಕೊ."

ನಾಲ್ಕು ದಿನದಿಂದ ನಾನು ನಡುಗಿಲ್ಲ ಎಂಬುದು ಆಗ ಹೊಳೆಯಿತು. ಅವ್ವನ ಮೇಲೆ ಹೆಮ್ಮೆ ಉಕ್ಕಿ ಬಂತು, ನನ್ನ ಮೇಲೆ ನಗು. ಇರಲಿ ಬಿಡಿ ಸರ್ ಎಂದೆ.

ಇದು ನನಗೆ ಅಲ್ಲಿ ಮೂರನೆಯ ಚಳಿಗಾಲ. ಥಂಡಿ ತಾಳಲಾರೆ ಎಂದು ಬರೆದ ಅರ್ಜಿ ಇನ್ನೂ ಕಿಟಕಿಯಲ್ಲೇ ಇದೆ. ಒಂದಿಷ್ಟೂ ಗಾಳಿ ಬಿಡುವುದಿಲ್ಲ.