ಕಚ್ಕಿನ್ ಮನೆಯ ಮೇಲೆ ವಾಲಿದ ಅಜ್ಜ

ಅಂಚೆ ಹಂಚುವ ಕಚ್ಕಿನ್‌ನ ಮಲಗುವ ಕೋಣೆಯ ಮೇಲೆ ಒಂದು ಮುದಿ ಅಕ್ರೋಟ್ ಮರ, ಬಸ್ಸಿನಲ್ಲಿ ಪಕ್ಕದವನ ಹೆಗಲಿಗೆ ಒರಗಿ ನಿದ್ದೆಹೋದವನ ಹಾಗೆ ವಾಲಿಕೊಂಡಿತ್ತು. ಆ ಬೆಟ್ಟದೂರಿನಲ್ಲಿ ಅಕ್ರೋಟ್ ಕಡಿಯಬೇಕಾದರೆ ಅರಣ್ಯ ಕಚೇರಿಯ ಚೀಟಿ ಬೇಕು. ಎರಡು ವರ್ಷ ಅಲೆದು ತಂದ ಚೀಟಿಗೆ ಅಂದೇ ಕೊನೆಯ ದಿನ. ಬೆಳಗ್ಗೆ ಬರುತ್ತೇನೆಂದಿದ್ದ ಗರಗಸದ ಮಾಮಿರ್‌ಕುಲ್ ಮಧ್ಯಾಹ್ನವಾದರೂ ಪತ್ತೆಯಿಲ್ಲ.

"ಅವ್ನು ಸನ್ಮಾನದ ಮನೇಲಿ ಪಲಾವ್ ಹೊಡೀತಿರ್ತಾನೆ. ಹೋಗಿ ಎಳ್ಕೊಂಡು ಬನ್ನಿ," ಎಂದಳು ಹೆಂಡತಿ ಜೂರಾ. "ಇನ್ನೊಂದು ದಿನ ನಾ ಈ ಮರದ ಕೆಳಗೆ ಮಲಗಲ್ಲ."

ಊರ ಸಭಾಭವನದಲ್ಲಿ ಅಂದು ಲೇಖಕ ನಸಿರ್‌ಬೆಕ್‌ರಿಗೆ ಸನ್ಮಾನ. ಬರೆದು, ಜಗಳಾಡಿ, ಮರದ ಲಾರಿಗಳ ಮುಂದೆ ಅಡ್ಡ ಮಲಗಿ ಅಕ್ರೋಟ್ ಕಾಡನ್ನು ಉಳಿಸಿದವರು ಅವರು. ಕಚ್ಕಿನ್ ಬಾಗಿಲಲ್ಲಿ ಇಣುಕಿದ್ದೇ ತಡ, ಕಾರ್ಯಕ್ರಮದ ಯಜಮಾನಿಕೆ ಹೊತ್ತಿದ್ದ ಬಾತ್ಮಾ ಅಕ್ಕ ಅವನ ತೋಳು ಹಿಡಿದಳು.

"ಸರಿಯಾದ ಹೊತ್ತಿಗೆ ಬಂದೆ ಕಣೋ! ಹಾಡೋನಿಗೆ ಗಂಟಲು ಕಟ್ಟಿದೆ, ಆಡಿನ ಥರ ಅರಚ್ತಿದಾನೆ. ಕೋಮುಜ್ ತಗೋ, ಹಾಡು."

"ಅಕ್ಕಾ, ನಾನು ಮದುವೆಗಳಲ್ಲಿ ಟಿಂಗ್ ಟಿಂಗ್ ಅನ್ನಿಸೋನು. ಪದ್ಯ ಎಲ್ಲಿಂದ ತರ್ಲಿ? ನಂಗೆ ಮಾಮಿರ್‌ಕುಲ್ ಬೇಕು, ಅಷ್ಟೇ."

"ಹಾಡಿ ಕರ್ಕೊಂಡು ಹೋಗು. ನಿಮ್ಮಜ್ಜ ಕುದುರೆ ಮೇಲೆ ಕೂತೇ ಪದ ಕಟ್ತಿದ್ದ. ಕಣ್ಮುಂದೆ ಏನಿದ್ಯೋ ಅದನ್ನೇ ಹಾಡೋ!"

ಕಚ್ಕಿನ್‌ನ ಕಣ್ಮುಂದೆ ಎರಡು ವರ್ಷದಿಂದ ಇದ್ದದ್ದು ಒಂದೇ. ಕೋಮುಜ್‌ನ ಮೂರು ತಂತಿ ಮೀಟಿ ಶುರುಮಾಡಿದ. ನನ್ನ ಮನೆಯ ಮೇಲೊಬ್ಬ ಅಜ್ಜ ವಾಲಿದ್ದಾನೆ, ಅಕ್ರೋಟ್ ಅಜ್ಜ. ಗಾಳಿ ಬೀಸಿದರೆ ನರಳುತ್ತಾನೆ. ನಾನು ನಿದ್ದೆಗೆಟ್ಟು ಅವನ ಉಸಿರನ್ನೇ ಆಲಿಸುತ್ತೇನೆ... ಒಂದಕ್ಷರವೂ ಸುಳ್ಳಲ್ಲ. ಸಭೆ ಗೊಳೋ ಎಂದು ಅತ್ತಿತು. ನಸಿರ್‌ಬೆಕ್ ಕನ್ನಡಕ ಒರೆಸಿಕೊಂಡು, ತಮಗೆ ತೊಡಿಸಿದ್ದ ಸನ್ಮಾನದ ನಿಲುವಂಗಿಯನ್ನು ಬಿಚ್ಚಿ ಅವನಿಗೇ ತೊಡಿಸಿದರು.

"ಆ ಅಜ್ಜನನ್ನ ನಾನು ನೋಡ್ಬೇಕಪ್ಪಾ."

ಸಭೆಗೆ ಸಭೆಯೇ ಎದ್ದಿತು, ಪಲಾವ್ ಬಿಟ್ಟು ಮಾಮಿರ್‌ಕುಲ್ ಕೂಡ. ಕೋಲೂರಿ ನಡೆಯುವ ನಸಿರ್‌ಬೆಕ್‌ರನ್ನು ಕರೆದುಕೊಂಡು ಕಚ್ಕಿನ್ ಮನೆ ಮುಟ್ಟುವಷ್ಟರಲ್ಲಿ ಹೆಂಗಸರು ಮುಂದಾಗಿ ಹೋಗಿ, ತಲೆವಸ್ತ್ರದ ಅಂಚು ಹರಿದು ಕೊಂಬೆ ಕೊಂಬೆಗೆ ಕಟ್ಟಿಯಾಗಿತ್ತು. ಬಾತ್ಮಾ ಅಕ್ಕ ಅಂಗೈ ಚಾಚಿ ಪ್ರಾರ್ಥಿಸುತ್ತಿದ್ದಳು. ಹಾಗೆ ಬಟ್ಟೆ ಕಟ್ಟಿದರೆ ಮುಗಿಯಿತು, ಅದು ಹರಕೆಯ ಮರ. ಅದಕ್ಕೆ ಕಬ್ಬಿಣ ತಾಗಿಸಿದವನ ಮನೆ ಉಳಿಯುವುದಿಲ್ಲವೆಂದು ಊರಿಗೆ ಊರೇ ನಂಬಿದೆ.

ನಸಿರ್‌ಬೆಕ್ ಕಾಂಡವನ್ನು ಗೆಣ್ಣಿನಿಂದ ಕುಟ್ಟಿ ಕಿವಿಗೊಟ್ಟರು. ಖಾಲಿ ಡಬ್ಬದ ಸದ್ದು. ಕಚ್ಕಿನ್‌ನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದರು.

"ತಮ್ಮಾ, ಒಳಗೆಲ್ಲ ಕೊಳೆತು ಹೋಗಿದೆ. ಇವತ್ತೇ ಕಡಿಸಿಬಿಡು."

"ಚೀಟಿ ರೆಡಿ ಇದೆ ಯಜಮಾನ್ರೇ! ಏ ಮಾಮಿರ್‌ಕುಲ್, ಗರಗಸ ತಾರೋ!"

ಮಾಮಿರ್‌ಕುಲ್ ಕಣ್ಣೀರು ಸುರಿಸುತ್ತ, ಗರಗಸ ಒರೆಸುವ ಬಟ್ಟೆಯನ್ನು ಕೆಳಗಿನ ಕೊಂಬೆಗೆ ಬಿಗಿಯುತ್ತಿದ್ದ. "ಹರಕೆ ಮರಕ್ಕೆ ಗರಗಸವಾ? ಹೋಗಯ್ಯ, ನಂಗೆ ಐದು ಮಕ್ಕಳಿದಾರೆ."

"ಹಂಗಾದ್ರೆ ಕೊಡಲಿ ತರ್ತೀನಿ, ಯಜಮಾನ್ರೇ, ಮೊದಲ ಏಟು ನೀವೇ ಹಾಕಿ. ನೀವು ಹಾಕಿದ್ರೆ ಯಾರೂ ಎದುರಾಡಲ್ಲ."

ಲಾರಿಗಳಿಗೆ ಹೆದರದ ನಸಿರ್‌ಬೆಕ್ ಮರವನ್ನು ನೋಡಿದರು, ಬಟ್ಟೆಗಳನ್ನು ನೋಡಿದರು, ಬಾತ್ಮಾ ಅಕ್ಕನನ್ನು ನೋಡಿದರು.

"ನಂಗೂ ಮೊಮ್ಮಕ್ಕಳಿದಾರಪ್ಪ," ಎಂದು ಜೇಬಿನಿಂದ ಕರವಸ್ತ್ರ ತೆಗೆದು, ತುದಿಗಾಲಲ್ಲಿ ನಿಂತು, ತಾವೂ ಒಂದು ಗಂಟು ಹಾಕಿದರು.